ಲೆನ್ಸಿನ ಗುಣಗಾನ ಸಾಕು, ದೋಷ ಹೇಳಿ

ರೇಂಜ್‌ಫೈಂಡರ್ ಕ್ಯಾಮೆರಾ ಕೈಗೆ ಬಂದ ಸ್ವಲ್ಪ ದಿನಕ್ಕೆ ಎಲ್ಲರಿಗೂ ಹತ್ತುವ ಗೀಳು ಒಂದೇ. ಇರುವ 50 ಮಿ.ಮೀ. ಎಫ್/2 ಲೆನ್ಸ್ ಸಾಲದು, ಇನ್ನೂ ಬಾಯಿ ದೊಡ್ಡದಿರುವುದು ಬೇಕು. 1.5 ಸಾಕೇ, 1.4 ತರಬೇಕೇ, ಸಾಲ ಮಾಡಿಯಾದರೂ 0.95ಕ್ಕೆ ಕೈಹಾಕಬೇಕೇ? ಕೇಳುವವರಿಗೆ ಬೇಕಾದದ್ದು ಒಂದು ಹೆಸರು. ಹೆಸರು ಆಮೇಲೆ ಹೇಳೋಣ. ಯಾವ ದೋಷದ ಜೊತೆ ಬಾಳುವೆ ಮಾಡಬಲ್ಲಿರಿ ಅನ್ನುವುದು ಮೊದಲು ಇತ್ಯರ್ಥವಾಗಲಿ.

ಎಸ್‌ಎಲ್‌ಆರ್ ಹಿಡಿದವರು ಲೆನ್ಸಿನ ಮೂಲಕವೇ ನೋಡುತ್ತಾರೆ, ಅದರ ಚಾಳಿ ಅವರ ಕಣ್ಣೆದುರಿಗೇ ಇರುತ್ತದೆ. ರೇಂಜ್‌ಫೈಂಡರಿನಲ್ಲಿ ನಾವು ನೋಡುವುದು ಪಕ್ಕದ ಕಿಟಕಿಯಿಂದ. ಎರಡು ಬಿಂಬ ಕೂಡಿ ಒಂದಾದರೆ ಫೋಕಸ್ ಆಯಿತೆಂದು ನಂಬುತ್ತೇವೆ. ಆ ಗಳಿಗೆಯಲ್ಲಿ ಲೆನ್ಸ್ ಒಳಗೊಳಗೆ ಏನು ಮಾಡುತ್ತಿದೆ ಎಂಬುದು ಕ್ಯಾಮೆರಾಕ್ಕೂ ಗೊತ್ತಿಲ್ಲ. ಲೆನ್ಸಿನ ಹಿಂಬದಿಯ ಕ್ಯಾಮ್ ತಳ್ಳಿದಷ್ಟು ದೂರವನ್ನು ಅದು ಓದುತ್ತದೆ, ಅಷ್ಟೆ. ಹೀಗಾಗಿ ಲೆನ್ಸಿನ ಚಾಳಿಯನ್ನು ನಾವೇ ತಲೆಯಲ್ಲಿ ಇಟ್ಟುಕೊಂಡು ಓಡಾಡಬೇಕು.

ತಪ್ಪಿದರೆ ಎಷ್ಟು ತಪ್ಪೀತು? ಒಂದು ಮೀಟರ್ ದೂರದ ಮುಖಕ್ಕೆ ಎಫ್/1.4ರಲ್ಲಿ ಸ್ಪಷ್ಟವಾಗಿ ಬರುವ ಆಳ ಸುಮಾರು 3 ಸೆಂ.ಮೀ. ಎಫ್/1ಕ್ಕೆ ಹೋದರೆ 2 ಸೆಂ.ಮೀ.ಗಿಂತ ತುಸು ಹೆಚ್ಚು. ರೆಪ್ಪೆ ಸಿಕ್ಕರೆ ಕಿವಿ ಇಲ್ಲ. ಇಷ್ಟು ತೆಳುವಾದದ್ದನ್ನು ಹಿಡಿಯಲು ಎರಡು ಕಿಟಕಿಗಳ ನಡುವಿನ ಅಂತರವೂ ಫೈಂಡರಿನ ಹಿಗ್ಗಿಸುವ ಶಕ್ತಿಯೂ ಸಾಕಷ್ಟಿರಬೇಕು. ಎರಡನ್ನೂ ಗುಣಿಸಿದರೆ 1954ರ ಲೈಕಾ ಎಂ3ಗೆ ಸಿಗುವುದು ಸುಮಾರು 62 ಮಿ.ಮೀ., 0.72 ಫೈಂಡರಿನ ಎಂ6ಗೆ 50ರ ಹತ್ತಿರ, ಬೆಸ್ಸಾ ಆರ್‌ಗೆ 25ರ ಆಸುಪಾಸು. ಬೆಸ್ಸಾಕ್ಕೆ ಎಫ್/1.1 ಲೆನ್ಸ್ ತಗುಲಿಸಿಕೊಂಡು ತಿರುಗುವವರನ್ನು ಕಂಡರೆ ನನಗೆ ಅಸೂಯೆಗಿಂತ ಕಾಳಜಿಯೇ ಹೆಚ್ಚು.

ಈ ದೊಡ್ಡ ಬಾಯಿಯ ಹುಚ್ಚು ಸುಮ್ಮನೆ ಹುಟ್ಟಿದ್ದಲ್ಲ. ಅಂದಿನ ಫಿಲ್ಮ್ ಮಂದ, ಸಂಜೆಯಾದರೆ ಕ್ಯಾಮೆರಾ ಒಳಗಿಡಬೇಕಾದ ಕಾಲ. ಡ್ರೆಸ್ಡೆನ್‌ನ ಎರ್ನೆಮನ್ ಕಂಪನಿಯಲ್ಲಿ ಲುಡ್ವಿಗ್ ಬೆರ್ಟೆಲೆ ಇಪ್ಪತ್ತರ ಹರೆಯದಲ್ಲೇ ಎರ್ನೊಸ್ಟಾರ್ ಎಂಬ ಎಫ್/2 ಲೆನ್ಸ್ ಲೆಕ್ಕ ಹಾಕಿಕೊಟ್ಟರು. ಅದನ್ನು ಹೊತ್ತ ಎರ್ಮನಾಕ್ಸ್ ಹಿಡಿದೇ ಎರಿಕ್ ಸಾಲೊಮನ್ ಕೋರ್ಟು, ರಾಜತಾಂತ್ರಿಕರ ಸಭೆಗಳಲ್ಲಿ ಫ್ಲಾಶ್ ಇಲ್ಲದೆ ಚಿತ್ರ ತೆಗೆದದ್ದು. ಎರ್ನೆಮನ್ 1926ರಲ್ಲಿ ಜೈಸ್ ಐಕಾನ್‌ನೊಳಗೆ ಸೇರಿಹೋಯಿತು. 1932ರಲ್ಲಿ ಕಾಂಟ್ಯಾಕ್ಸ್ ಬಂದಾಗ ಬೆರ್ಟೆಲೆಯವರ ಸೋನಾರ್ ಅದರ ಬಾಯಲ್ಲಿತ್ತು.

ಸೋನಾರಿನ ಜಾಣತನ ಅಂಟಿನಲ್ಲಿದೆ. ಗಾಜಿಗೂ ಗಾಳಿಗೂ ಮಧ್ಯದ ಒಂದೊಂದು ಮೈಯಲ್ಲೂ, ಲೇಪ ಇಲ್ಲದಿದ್ದರೆ, ನೂರಕ್ಕೆ ಸುಮಾರು 5 ಪಾಲು ಬೆಳಕು ಹಿಂದಕ್ಕೆ ಹಾರುತ್ತದೆ. ಹಾರಿದ್ದು ಒಳಗೇ ಸುತ್ತಾಡಿ ಚಿತ್ರಕ್ಕೆ ಮಂಕು ಬಡಿಸುತ್ತದೆ. ಎಫ್/1.5 ಸೋನಾರಿನಲ್ಲಿ ಗಾಜು ಏಳಾದರೂ ಅಂಟಿಸಿ ಮೂರು ಗುಂಪು ಮಾಡಿದ್ದರಿಂದ ಅಂಥ ಮೈ ಆರೇ. ಲೈಕಾದವರು 1936ರಲ್ಲಿ ಪೈಪೋಟಿಗೆ ತಂದ ಕ್ಸೆನಾನ್‌ನಲ್ಲಿ ಹತ್ತು. ಲೆಕ್ಕ ಹಾಕಿ: ಸೋನಾರಿನಲ್ಲಿ ಬೆಳಕಿನ ಕಾಲುಭಾಗ ಪೋಲು, ಕ್ಸೆನಾನ್‌ನಲ್ಲಿ ನೂರಕ್ಕೆ ನಲವತ್ತು. ಕಾಗದದ ಮೇಲೆ ಎರಡೂ 1.5. ಜೈಸ್‌ನ ಅಲೆಕ್ಸಾಂಡರ್ ಸ್ಮಕುಲಾ 1935ರಲ್ಲಿ ಕಂಡುಹಿಡಿದ ಲೇಪ ಯುದ್ಧದ ನಂತರ ಎಲ್ಲ ಕಡೆ ಬಳಕೆಗೆ ಬಂದ ಮೇಲಷ್ಟೇ ಹತ್ತು ಮೈಯವರಿಗೂ ಮರ್ಯಾದೆ ಬಂತು.

ಜೈಸ್ ಈ ಶತಮಾನದಲ್ಲಿ ಲೈಕಾ ಎಂ ಮೌಂಟಿಗೆ ಮತ್ತೆ ತಂದ ಸಿ ಸೋನಾರ್ 50/1.5 ಆ ಹಳೆಯ ಮನೆತನದ್ದೇ. ಪೂರ್ತಿ ತೆರೆದಾಗ ಅಂಚುಗಳಿಗೆ ಮೃದುವಾದ ಮಿನುಗು. ಕಣ್ಣಿಗೆ ಫೋಕಸ್ ಇದ್ದರೂ ಚರ್ಮ ಕಠೋರವಾಗದು. ಈ ಸೊಗಸಿಗೆ ಕಾರಣವಾದ ಗೋಳೀಯ ದೋಷವೇ ಅದರ ಚಾಳಿಗೂ ಕಾರಣ: ಅಪರ್ಚರ್ ಕಿರಿದು ಮಾಡಿದಂತೆಲ್ಲ ಫೋಕಸ್ ಹಿಂದಕ್ಕೆ ಸರಿಯುತ್ತದೆ. ರೇಂಜ್‌ಫೈಂಡರಿಗೆ ಇದರ ಸುಳಿವೇ ಇಲ್ಲ. ಮೊದಮೊದಲು ಬಂದವನ್ನು ಎಫ್/2.8ಕ್ಕೆ ಸರಿಹೊಂದಿಸಿದ್ದರು, ಹಾಗಾಗಿ 1.5ರಲ್ಲಿ ಫೋಕಸ್ ಮುಂದೆ ಬೀಳುತ್ತಿತ್ತು. ಆಮೇಲಿನವನ್ನು 1.5ಕ್ಕೆ ಹೊಂದಿಸಿದರು, ಈಗ 2.8ರಲ್ಲಿ ಹಿಂದೆ ಬೀಳುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಯಾವ ಕಾಲದ್ದು ಎಂದು ಕೇಳಲೇಬೇಕು. 5.6 ದಾಟಿದರೆ ಆಳವೇ ಹೆಚ್ಚಾಗಿ ತಪ್ಪು ಮುಚ್ಚಿಹೋಗುತ್ತದೆ.

ನನ್ನ ಓಟು ಇದಕ್ಕೇ. ಹತ್ತಿರದವರ ಮುಖಕ್ಕೆ 1.5, ಬೀದಿಗೆ 5.6 ಅಥವಾ 8, ನಡುವಿನದ್ದನ್ನು ಹತ್ತಿರದ ದೂರದಲ್ಲಿ ಮುಟ್ಟುವುದಿಲ್ಲ. ಒಂದೇ ದೋಷ, ಒಂದೇ ಸಾಲಿನಲ್ಲಿ ನೆನಪಿಡಬಹುದು.

ನಡುವಿನ 2.8ರಲ್ಲೇ ದಿನವಿಡೀ ಇರುವವರಿಗೆ ಮಾತ್ರ ಇದನ್ನು ಹೇಳಲಾರೆ. ಅವರು ನಾಗಾನೊದ ಕೊಸಿನಾ ಕಂಪನಿ ಫೋಕ್ಟ್‌ಲೆಂಡರ್ ಹೆಸರಿನಲ್ಲಿ ಮಾಡುವ ನೋಕ್ಟನ್ 50/1.5 ತೆಗೆದುಕೊಳ್ಳಲಿ. ಚಿಕ್ಕದು, ಕೈಗೆಟುಕುವ ಬೆಲೆಯದು, ಎಲ್ಲ ಅಪರ್ಚರಿನಲ್ಲೂ ನಂಬಬಹುದಾದದ್ದು. ಸಪ್ಪೆ ಎನ್ನುವವರಿದ್ದಾರೆ. ನನಗೆ ಹಾಗನಿಸಿಲ್ಲ, ಹಿನ್ನೆಲೆಯಲ್ಲಿ ಎಲೆ ಕೊಂಬೆ ಜಾಸ್ತಿಯಾದರೆ ಸ್ವಲ್ಪ ಗಡಿಬಿಡಿ ಮಾಡುತ್ತದೆ, ಅಷ್ಟೆ.

ಲೈಕಾದ ಸಮ್ಮಿಲಕ್ಸ್ 1.4 ಕಥೆ ಬೇರೆ. 1959ರಲ್ಲಿ ಬಂದದ್ದನ್ನು ಕೆಲವೇ ವರ್ಷಗಳಲ್ಲಿ ಸದ್ದಿಲ್ಲದೆ ಬದಲಿಸಿದರು. ವಾಲ್ಟರ್ ಮ್ಯಾಂಡ್ಲರ್ ಅವರ ಆ ಎರಡನೆಯ ವಿನ್ಯಾಸ 2004ರವರೆಗೆ ನಡೆಯಿತು. ಆಮೇಲೆ ಪೀಟರ್ ಕಾರ್ಬೆ ಅವರ ಆಸ್ಫೆರಿಕಲ್ ಬಂತು. ಒಳಗಿನ ಗಾಜುಗಳು ದೂರಕ್ಕೆ ತಕ್ಕಂತೆ ಅಂತರ ಬದಲಿಸಿಕೊಳ್ಳುವುದರಿಂದ 0.7 ಮೀಟರಿನಲ್ಲೂ ಅದು ಹದ ತಪ್ಪುವುದಿಲ್ಲ. ದೋಷ ಹುಡುಕಿದರೆ ಸಿಗುವುದು ಬೆಲೆಯಲ್ಲಿ. ದುಡ್ಡಿದ್ದರೆ ಕೊಳ್ಳಿ, ವಾದವಿಲ್ಲ. ನನ್ನನ್ನು ಕೇಳಿದರೆ ಮ್ಯಾಂಡ್ಲರ್ ಕಾಲದ್ದು ಕಪ್ಪು ಬಿಳುಪು ಫಿಲ್ಮಿಗೆ ಹೆಚ್ಚು ಒಗ್ಗುತ್ತದೆ.

ನಾಕ್ಟಿಲಕ್ಸ್ 0.95 ಬಗ್ಗೆ ಎರಡೇ ಮಾತು. ತೂಕ 700 ಗ್ರಾಂ, ಸಿ ಸೋನಾರಿನ ಎರಡೂವರೆ ಪಟ್ಟಿಗಿಂತ ಹೆಚ್ಚು. ಫೈಂಡರಿನ ಬಲ ಕೆಳಮೂಲೆಯನ್ನು ತಾನೇ ನುಂಗಿಬಿಡುತ್ತದೆ. 1.4ಕ್ಕಿಂತ ಸಿಗುವ ಬೆಳಕು ಒಂದು ಸ್ಟಾಪಿಗೆ ತುಸು ಮೇಲೆ, ಇಂದಿನ ಡಿಜಿಟಲ್ ಲೈಕಾದಲ್ಲಿ ಐಎಸ್ಒ ಬದಲಿಸಿದರೆ ಪುಕ್ಕಟೆ ಬರುವಂಥದ್ದು.

ಹಳೆಯದರ ಕಡೆಗೆ ಮನಸ್ಸಿದ್ದರೆ ಕ್ಯಾನನ್‌ನ ಸ್ಕ್ರೂ ಮೌಂಟ್ 50/1.4 ನೋಡಿ, ಅಡಾಪ್ಟರ್ ಹಾಕಿದರೆ ಎಂ ಬಾಡಿಗೂ ಕೂರುತ್ತದೆ. ಅದೇ ಮನೆಯ 1.2 ಮತ್ತು ಲೈಕಾದ ಸಮ್ಮಾರಿಟ್ 1.5ರಲ್ಲಿ ಒಳಗೆ ಮಂಜು ಕಟ್ಟುವ ರೋಗ ಸಾಮಾನ್ಯ. ಸೋವಿಯತ್ ಜುಪಿಟರ್-3 ಸೋನಾರಿನ ನಕಲು, ಅಗ್ಗ. ಆದರೆ ಲೈಕಾದ ಕ್ಯಾಮ್ 51.6 ಮಿ.ಮೀ. ಲೆಕ್ಕದ್ದು, ಜುಪಿಟರಿನದು ಬೇರೆ. ಪೂರ್ತಿ ತೆರೆದು ಹತ್ತಿರದ್ದನ್ನು ತೆಗೆದರೆ ಗುರಿ ತಪ್ಪುತ್ತದೆ, ತಿಳಿದವರಿಂದ ಶಿಮ್ ಹಾಕಿಸಬೇಕು. ಇನ್ನು ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲ ಕಳೆದ ಯಾವ ಲೆನ್ಸನ್ನೂ ಟಾರ್ಚ್ ಬಿಟ್ಟು ನೋಡದೆ ಕೊಳ್ಳಬೇಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೂಜು.

ಕೊಳ್ಳುವ ಮುನ್ನ ಒಂದು ಪರೀಕ್ಷೆ, ನಿಮ್ಮ ಬಾಡಿಯಲ್ಲೇ. ದಿನಪತ್ರಿಕೆಯೊಂದನ್ನು ಒಂದು ಮೀಟರ್ ದೂರದಲ್ಲಿ ಓರೆಯಾಗಿ ಒರಗಿಸಿ, ನಡುವಿನ ಒಂದು ಸಾಲಿಗೆ ಗುರುತು ಹಾಕಿ ಅದಕ್ಕೇ ಫೋಕಸ್ ಮಾಡಿ. ಪೂರ್ತಿ ತೆರೆದು ಒಂದು, ಆಮೇಲೆ 2, 2.8, 4ರಲ್ಲಿ ಒಂದೊಂದು. ಪ್ರತಿ ಸಲವೂ ಉಂಗುರವನ್ನು ಒಮ್ಮೆ ಅನಂತಕ್ಕೆ ತಿರುಗಿಸಿ ಹೊಸದಾಗಿ ಫೋಕಸ್ ಮಾಡಬೇಕು. ಫಿಲ್ಮ್ ಕ್ಯಾಮೆರಾದವರು ತೊಳೆಸಿ ನೋಡುವವರೆಗೆ ಮುಂಗಡ ಮಾತ್ರ ಕೊಡಿ. ಯಾವ ಸಾಲು ಸ್ಪಷ್ಟವಾಗಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಲೆನ್ಸಿನ ಡಬ್ಬಿಯೊಳಗೆ ಇಟ್ಟುಕೊಳ್ಳಿ. ಮುಂದೆ ನೀವು ಮಾರುವಾಗ ಕೊಳ್ಳುವವರಿಗೂ ಅದು ಬೇಕಾಗುತ್ತದೆ.