ಕೃತಿಚೌರ್ಯದ ಅಳತೆಗೋಲೂ ನಿರ್ಣಾಯಕರ ವಿವೇಚನೆಯೂ

ಪರರ ಬರಹವನ್ನು ತನ್ನದೆಂದು ಒಪ್ಪಿಸುವ ದೋಷವನ್ನು ತಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ನಿಯಮಾವಳಿಯೊಂದನ್ನು ಹೊರಡಿಸಿತು. ಅದರ ಉದ್ದೇಶವು ಪ್ರಶಂಸನೀಯವಾದುದು. ಆದರೆ ಜಾನಪದ ಸಂಶೋಧನೆಗೆ ಅದನ್ನು ಅನ್ವಯಿಸುವಲ್ಲಿ ಉಂಟಾಗುವ ತೊಡಕನ್ನು ಇಲ್ಲಿ ಪರಿಶೀಲಿಸುವುದು ಉಚಿತವೆಂದು ನಮಗೆ ತೋರುತ್ತದೆ.

ಪರರ ಕೃತಿಯನ್ನಾಗಲಿ ವಿಚಾರವನ್ನಾಗಲಿ ತನ್ನದೆಂದು ಸಾರುವುದೇ ಕೃತಿಚೌರ್ಯವೆಂದು ನಿಯಮಾವಳಿಯು ಲಕ್ಷಣ ಹೇಳುತ್ತದೆ. ಆದರೆ ದಂಡನೆಯನ್ನು ಗೊತ್ತುಮಾಡುವಾಗ ಅದು ಸಾಮ್ಯದ ಪ್ರಮಾಣವನ್ನೇ ಆಧರಿಸುತ್ತದೆ. ಶೇಕಡಾ 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. 10ರಿಂದ 40ರವರೆಗೆ ಇದ್ದರೆ ಪ್ರಬಂಧವನ್ನು ಆರು ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ತಿದ್ದಿ ಒಪ್ಪಿಸುವಂತಿಲ್ಲ. 60ನ್ನು ಮೀರಿದರೆ ನೋಂದಣಿಯೇ ರದ್ದು. ಲಕ್ಷಣವು ವಿಶಾಲವಾದುದು, ಅಳತೆಗೋಲು ಕಿರಿದಾದುದು. ವಿಚಾರದ ಕಳವು ಯಂತ್ರದ ಕಣ್ಣಿಗೆ ಬೀಳುವುದಿಲ್ಲ.

ಉದಾಹರಣೆಗೆ, ಹಾನಗಲ್ಲ ಸೀಮೆಯ ಒಂದು ಹಳ್ಳಿಯಲ್ಲಿಯೂ ಸವಣೂರ ಸೀಮೆಯ ಇನ್ನೊಂದು ಹಳ್ಳಿಯಲ್ಲಿಯೂ ಇಬ್ಬರು ವಿದ್ಯಾರ್ಥಿಗಳು ಒಂದೇ ತ್ರಿಪದಿಯನ್ನು ಕೇಳಿ ಬರೆದುಕೊಂಡರೆನ್ನೋಣ. ಪದವು ಬಾಯಿಂದ ಬಾಯಿಗೆ ಹರಿಯುವಂಥದು. ಎರಡು ಪಾಠಗಳು ಹೋಲುವುದು ಸಹಜ. ಇಲ್ಲಿ ಸಾಮ್ಯವು ಹೆಚ್ಚು, ಅಪರಾಧವಿಲ್ಲ. ಮತ್ತೊಬ್ಬನು ಅಚ್ಚಾದ ಸಂಕಲನದಿಂದ ಪದಗಳನ್ನೆತ್ತಿ, ಅಲ್ಲಲ್ಲಿ ಉಚ್ಚಾರಣೆಯನ್ನು ಬದಲಿಸಿ, ತಾನೇ ಊರೂರು ತಿರುಗಿ ಸಂಗ್ರಹಿಸಿದೆನೆಂದು ಬರೆಯುತ್ತಾನೆ. ಇಲ್ಲಿ ಸಾಮ್ಯವು ಕಡಿಮೆ, ಅಪರಾಧವು ದೊಡ್ಡದು. ಕನ್ನಡದ ಎಷ್ಟೋ ಹಳೆಯ ಸಂಕಲನಗಳು ಯಂತ್ರವು ಓದುವ ರೂಪದಲ್ಲಿ ಇಲ್ಲವೆಂಬುದನ್ನೂ ನೆನೆದರೆ, ಇಂಥವನು ನಿರಾತಂಕವಾಗಿ ಪಾರಾಗಬಲ್ಲನು.

ಬಾಯಿಮಾತಿನ ಪರಂಪರೆಯಲ್ಲಿ ಕರ್ತೃತ್ವಕ್ಕೆ ಬೆಲೆಯಿರಲಿಲ್ಲವೆಂದು ಕೆಲವರು ವಾದಿಸುವುದುಂಟು. ಇದು ಸರಿಯಲ್ಲ. 2011ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿರುವ ಗೊಟಗೋಡಿಯು ಶಿಗ್ಗಾಂವಿ ತಾಲೂಕಿಗೆ ಸೇರಿದುದು. ಕನಕದಾಸರ ಬಾಡವೂ, ಶರೀಫರ (1819–1889) ಶಿಶುನಾಳವೂ ಇದೇ ತಾಲೂಕಿನವು. ಇವರ ಪದಗಳನ್ನು ಸಾವಿರಾರು ಕಂಠಗಳು ಹಾಡಿದುವು. ಆದರೂ ಕೊನೆಯ ಅಂಕಿತವು ಪದವು ಯಾರದೆಂಬುದನ್ನು ಸಾರುತ್ತಲೇ ಬಂದಿತು. ಹಾಡುವವನು ಆ ಅಂಕಿತವನ್ನು ಹಾಡದೆ ಪದವನ್ನು ಮುಗಿಸುತ್ತಿರಲಿಲ್ಲ. ಬೀಸುವ ಕಲ್ಲಿನ ಪದಕ್ಕಾದರೋ ಅಂಕಿತವಿಲ್ಲ. ಆದುದರಿಂದಲೇ ಹಾಡಿದವಳ ಹೆಸರು, ಊರು, ಹಾಡಿದ ದಿನ ಇವುಗಳನ್ನು ದಾಖಲಿಸುವ ಹೊಣೆ ಸಂಗ್ರಾಹಕನ ಮೇಲೆ ಬೀಳುತ್ತದೆ. ಅವಳ ಹೆಸರನ್ನು ಮರೆಸಿದ ಪ್ರಬಂಧದ ಸಾಮ್ಯವನ್ನು ಯಂತ್ರವು ಸೊನ್ನೆಯೆಂದು ತೋರಿಸಿದರೂ ಅದನ್ನು ನಿರ್ದುಷ್ಟವೆನ್ನಲು ನಮಗೆ ಮನಸ್ಸೊಪ್ಪದು.

ಹಾಗಾದರೆ ನಿರ್ಣಯಿಸುವವರು ಯಾರು? ದೋಷದ ಮಟ್ಟವನ್ನು ತೂಗಿ ದಂಡನೆಯನ್ನು ಶಿಫಾರಸು ಮಾಡುವ ಅಧಿಕಾರವನ್ನು ನಿಯಮಾವಳಿಯೇ ವಿಭಾಗದ ಸಮಿತಿಗೆ ಕೊಟ್ಟಿದೆ. ಸಹಜ ನ್ಯಾಯವನ್ನು ಪಾಲಿಸಬೇಕೆಂದೂ ವಿಧಿಸಿದೆ. ಸಮಿತಿಯು ಅಂಕಿಯನ್ನು ನೋಡಿ ಸುಮ್ಮನಾಗದೆ ಕ್ಷೇತ್ರಕಾರ್ಯದ ಟಿಪ್ಪಣಿಯನ್ನೂ ಧ್ವನಿಮುದ್ರಣವನ್ನೂ ತರಿಸಿ ನೋಡಬೇಕು. ಪದವು ಯಾರ ಬಾಯಿಂದ ಬಂದುದೆಂದು ಕೇಳಬೇಕು. ವಿದ್ಯಾರ್ಥಿಯ ಉತ್ತರವನ್ನು ಆಲಿಸಬೇಕು.

ವಿವೇಚನೆಯೆಂಬುದು ಪಕ್ಷಪಾತಕ್ಕೆ ದಾರಿಯಾದೀತೆಂಬ ಭಯವು ಆಧಾರವಿಲ್ಲದುದಲ್ಲ. ತನ್ನ ಶಿಷ್ಯನಿಗೆ ಕ್ಷಮೆ, ಇತರರ ಶಿಷ್ಯನಿಗೆ ಶಿಕ್ಷೆ ಎಂಬಂತಾದರೆ ಯಂತ್ರದ ಕುರುಡೇ ಮೇಲೆನಿಸೀತು. ಇದಕ್ಕೆ ಪರಿಹಾರವು ವಿವೇಚನೆಯನ್ನು ಕೈಬಿಡುವುದಲ್ಲ, ಅದನ್ನು ಬರಹಕ್ಕೆ ಇಳಿಸುವುದು. ಕ್ಷಮಿಸಲಿ, ದಂಡಿಸಲಿ, ಸಮಿತಿಯು ತನ್ನ ಕಾರಣಗಳನ್ನು ಬರೆದಿಡಬೇಕು. ಮುಂದಿನ ಸಮಿತಿಯು ಅವನ್ನು ಓದಿ ತನ್ನ ನಿರ್ಣಯವನ್ನು ಅವುಗಳೊಡನೆ ಹೋಲಿಸಿ ನೋಡಬೇಕು. ಆಧಾರವನ್ನು ಹೇಳದ ಪ್ರಬಂಧವನ್ನು ನಾವು ಒಪ್ಪುವುದಿಲ್ಲ. ಆಧಾರವನ್ನು ಹೇಳದ ತೀರ್ಪನ್ನೂ ನಾವು ಒಪ್ಪಬೇಕಾಗಿಲ್ಲ.