ಅರ್ಬುದದ ‘ಲಕ್ಷಣ’ : ಒಂದು ಶಬ್ದವಿಮರ್ಶೆ

ಪರಿಭಾಷೆಯ ದೋಷವು ಕಾವ್ಯದಲ್ಲಿ ರಸಭಂಗವನ್ನಷ್ಟೇ ಮಾಡೀತು. ವೈದ್ಯದಲ್ಲಿ ಪ್ರಾಣಕ್ಕೇ ಎರವಾಗಬಲ್ಲುದು. ಡಗ್ಲಾಸ್ ಹನಹನ್ ಮತ್ತು ರಾಬರ್ಟ್ ವೈನ್‌ಬರ್ಗ್ ಎಂಬ ವಿದ್ವಾಂಸರು 2000ನೆಯ ಇಸವಿಯಲ್ಲಿ ಕ್ಯಾನ್ಸರನ್ನು ಕುರಿತು ಪ್ರಕಟಿಸಿದ ಪ್ರಸಿದ್ಧ ಪ್ರಬಂಧದ ಸಾರವನ್ನು ‘ಅರ್ಬುದದ ಆರು ಲಕ್ಷಣಗಳು’ ಎಂದು ಕನ್ನಡಿಸುವುದು ಸುಲಭ. ಅದು ಸಾಧುವೇ ಎಂಬುದು ಮಾತ್ರ ವಿಚಾರಾರ್ಹವಾಗಿದೆ.

ಸ್ವಸ್ಥವಾದ ಜೀವಕೋಶವು ಆಜ್ಞೆಯಿದ್ದಾಗ ವಿಭಾಗವಾಗಿ, ಸಾಕೆಂದಾಗ ನಿಲ್ಲುತ್ತದೆ. ತಿದ್ದಲಾರದಷ್ಟು ಕೆಟ್ಟರೆ ತಾನೇ ಸಾಯುತ್ತದೆ. ಅದೇ ಕೋಶವು ವಂಶವಾಹಿಗಳಲ್ಲಿ ಬಹುಕಾಲ ಕೂಡುತ್ತ ಬಂದ ವಿಕಾರಗಳಿಂದ ಬೇರೆಯ ನಡತೆಯನ್ನು ಕಲಿಯುತ್ತದೆ. ವೃದ್ಧಿಯ ಆಜ್ಞೆಯನ್ನು ತಾನೇ ಕೊಟ್ಟುಕೊಳ್ಳುವುದು, ನಿಲ್ಲೆಂಬ ಆಜ್ಞೆಗೆ ಕಿವುಡಾಗುವುದು, ವಿಹಿತವಾದ ಮರಣವನ್ನು ತಪ್ಪಿಸಿಕೊಳ್ಳುವುದು, ಮಿತಿಯಿಲ್ಲದೆ ವಿಭಾಗವಾಗುವುದು, ಹೊಸ ರಕ್ತನಾಳಗಳನ್ನು ಬರಮಾಡಿಕೊಳ್ಳುವುದು, ನೆರೆಯ ಮಾಂಸವನ್ನು ಭೇದಿಸಿ ದೂರದ ಅಂಗಗಳಲ್ಲಿ ನೆಲಸುವುದು—ಇವೇ ಆ ಆರು. ಶರೀರದ ರಕ್ಷಣಾಶಕ್ತಿಯಿಂದ ತಪ್ಪಿಸಿಕೊಳ್ಳುವುದು, ಆಹಾರದಿಂದ ಶಕ್ತಿಯನ್ನು ಪಡೆಯುವ ಕ್ರಮವನ್ನು ಬದಲಿಸುವುದು ಎಂಬೆರಡನ್ನು ಅವರೇ 2011ರಲ್ಲಿ ಸೇರಿಸಿದರು. ನೂರಾರು ಬಗೆಯ ವ್ಯಾಧಿಗಳನ್ನು ಕೆಲವೇ ಸೂತ್ರಗಳಲ್ಲಿ ಅಡಕಮಾಡಿದ ಆ ಪ್ರಬಂಧದ ಸಂಗ್ರಹಶಕ್ತಿ ಶ್ಲಾಘನೀಯವೇ ಸರಿ.

ಆದರೆ ಲಕ್ಷಣವೆಂದ ಮೇಲೆ ತರ್ಕಶಾಸ್ತ್ರದ ಪರೀಕ್ಷೆ ತಪ್ಪದು. ಕೊಂಬುಳ್ಳದ್ದೇ ಹಸುವೆಂದರೆ ಎಮ್ಮೆಯೂ ಹಸುವಾದೀತು, ಇದು ಅತಿವ್ಯಾಪ್ತಿ. 2010ರಲ್ಲಿ ಯೂರಿ ಲಾಜೆಬ್ನಿಕ್ ಎಂಬ ವಿಜ್ಞಾನಿ ಎತ್ತಿದ ಆಕ್ಷೇಪವೂ ತತ್ತ್ವತಃ ಇದೇ: ಮೊದಲಿನ ಐದು ಗುಣಗಳು ಪ್ರಾಣಾಪಾಯವಿಲ್ಲದ ಗಂಟುಗಳಲ್ಲಿಯೂ ಕಾಣುವುವು, ವ್ಯಾವರ್ತಕವಾದುದು ಆರನೆಯದೊಂದೇ. ಆದುದರಿಂದ ಐದನ್ನು ಬಿಡಿಬಿಡಿಯಾಗಿ ಲಕ್ಷಣವೆನ್ನಲಾಗದು.

ಎರಡನೆಯ ದೋಷವು ಇದಕ್ಕಿಂತ ಘೋರವಾದುದು. ಲೋಕರೂಢಿಯಲ್ಲಿ ರೋಗಲಕ್ಷಣವೆಂದರೆ ರೋಗಿಗೆ ತಾನೇ ಕಾಣುವ ಕುರುಹು. ಮೇಲಿನ ಆರೂ ಬರಿಗಣ್ಣಿಗೆ ಗೋಚರವಲ್ಲ. ನಮ್ಮ ಬೆನ್ಸನ್ ಟೌನಿಗೆ ಸಮೀಪದ ಶಿವಾಜಿನಗರದಲ್ಲಿ ಎಲೆ, ಅಡಿಕೆ, ಹೊಗೆಸೊಪ್ಪು ಕೊಳ್ಳುವವರು ದಿನವೂ ಉಂಟು. ಹೊಗೆಸೊಪ್ಪಿಲ್ಲದ ಅಡಿಕೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರ್ಣಯಿಸಿದೆ. ಅಂಥವರ ಕೆನ್ನೆಯೊಳಗೆ ನೋವಿಲ್ಲದ ಬಿಳಿಯ ಮಚ್ಚೆಯೊಂದು ಮೂಡಬಹುದು; ಬಾಯಿ ಬರಬರುತ್ತ ಪೂರ್ತಿ ತೆರೆಯದಂತಾಗಬಹುದು. ಇವೆಲ್ಲವೂ ಅರ್ಬುದವಾಗುವುದಿಲ್ಲ, ಕೆಲವು ಆಗುತ್ತವೆ. ‘ಆರು ಲಕ್ಷಣ’ವೆಂದು ಓದಿದವನು ಆರೂ ತೋರಲೆಂದು ಕಾದು ಕುಳಿತರೆ ದೋಷವಾರದು? 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಆಸ್ಪತ್ರೆಯಂಥದು ಊರಿನಲ್ಲಿಯೇ ಇದ್ದರೂ, ಹೊತ್ತು ಮೀರಿ ಹೋದವನಿಗೆ ಅದರಿಂದಾಗುವ ಉಪಕಾರ ಅಲ್ಪ.

ಹಾಗಾದರೆ ಯಾವ ಶಬ್ದ? ‘ಆಗಂತುಕ ಗುಣ’ವೆನ್ನೋಣವೆಂದರೆ, ಆಯುರ್ವೇದದಲ್ಲಿ ಅದು ಹೊರಗಿನ ಆಘಾತಾದಿಗಳಿಂದ ಬಂದ ರೋಗಕ್ಕೆ ರೂಢವಾಗಿದೆ, ಇಲ್ಲಿಯ ಕೋಶವಾದರೋ ನಮ್ಮ ಮನೆಯದೇ. ‘ಆರ್ಜಿತಗುಣ’ವೆಂಬುದು ಯುಕ್ತವೆಂದು ನನಗೆ ತೋರುತ್ತದೆ. ಕಂಡುದಕ್ಕೆ ‘ಕುರುಹು’ ಎಂಬ ಅಚ್ಚಗನ್ನಡವೇ ಇರಲಿ. ಆರ್ಜನೆಯೆಂದರೆ ಒಂದೊಂದಾಗಿ, ಕಾಲಕ್ರಮದಲ್ಲಿ ಕೂಡಿಸಿಕೊಳ್ಳುವುದು. ಹಾಗೆ ಕೂಡುವ ವರ್ಷಗಳ ನಡುವೆ ಅಡಿಕೆಯನ್ನು ಬಿಡುವುದಕ್ಕೂ, ವೈದ್ಯನಿಗೆ ಬಾಯಿ ತೆರೆದು ತೋರಿಸುವುದಕ್ಕೂ ಅವಕಾಶವಿದೆಯೆಂಬ ಅರ್ಥವನ್ನು ಆ ಶಬ್ದವು ಧ್ವನಿಸುತ್ತದೆ. ವಿಜ್ಞಾನವನ್ನು ಕನ್ನಡಿಸುವ ಮಹನೀಯರು ಇದನ್ನು ಪರಿಶೀಲಿಸಬೇಕೆಂದು ಪ್ರಾರ್ಥಿಸುತ್ತೇನೆ.