ಹೊಂಗೆ ನೆರಳಲ್ಲೊಂದು ನಾಯಿ ನಡಿಗೆ

ಮಾರ್ಚ್ ತಿಂಗಳ ಭಾನುವಾರ, ಬೆಳಿಗ್ಗೆ ಏಳರ ಹೊತ್ತಿಗೆ ಕಬ್ಬನ್ ಪಾರ್ಕಿಗೆ ಹೋದವರಿಗೆ ಬೆಂಗಳೂರಿನ ನಾಯಿ ಸಂಸಾರವೆಲ್ಲ ಒಂದೇ ಕಡೆ ಕಾಣಸಿಗುತ್ತದೆ. ಭಾನುವಾರ ಒಳರಸ್ತೆಗಳಿಗೆ ವಾಹನ ಬಿಡುವುದಿಲ್ಲ. ಹೀಗಾಗಿ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಬೀಗಲ್, ಬೀದಿಯಿಂದ ಮನೆ ಸೇರಿದ ನಾಡತಳಿಗಳು, ಆಗೊಮ್ಮೆ ಈಗೊಮ್ಮೆ ಉದ್ದ ಕಾಲಿನ ಮುಧೋಳ, ಎಲ್ಲವೂ ರಸ್ತೆಯ ನಟ್ಟನಡುವೆ ಠೀವಿಯಿಂದ ಸಾಗುತ್ತವೆ. ಮೇಲೆ ಟಬೆಬುಯಾ ಗುಲಾಬಿ ಬಣ್ಣ ತುಂಬಿಕೊಂಡು ನಿಂತಿರುತ್ತದೆ. ಹೂವನ್ನೂ ನಾಯಿಯನ್ನೂ ಒಂದೇ ಫೋಟೊದಲ್ಲಿ ಹಿಡಿಯಲು ಯಜಮಾನರು ಬಗ್ಗುತ್ತಾರೆ, ಕೂರುತ್ತಾರೆ, ಕೊನೆಗೆ ಹುಲ್ಲಿನ ಮೇಲೆ ಮಲಗಿಯೇ ಬಿಡುತ್ತಾರೆ. ನಾಯಿ ಮಾತ್ರ ನೆಲ ಮೂಸುವುದರಲ್ಲಿ ಮಗ್ನ.

ನಾಯಿ ಸಾಕುವವರ ಬಾಯಲ್ಲಿ ಇಲ್ಲಿ ಪದೇ ಪದೇ ಕೇಳಿಬರುವ ಮಾತೊಂದಿದೆ: ‘ನಮ್ಮದು ತುಂಬಾ ಸಾಧು, ಏನೂ ಮಾಡಲ್ಲ.’ ಮಾತು ನಿಜವೇ ಇರಬಹುದು. ಆದರೆ ಸಾಧು ನಾಯಿಯ ಕಷ್ಟವೇ ಬೇರೆ. ಹಟಮಾರಿ ನಾಯಿ ದಣಿದರೆ ರಸ್ತೆಯಲ್ಲೇ ಕೂತು ಮುಷ್ಕರ ಹೂಡುತ್ತದೆ. ಸಾಧು ನಾಯಿ ಯಜಮಾನ ನಡೆದಷ್ಟು ದೂರ ನಡೆಯುತ್ತದೆ, ಅಂಗಾಲು ಸುಟ್ಟರೂ ನಡೆಯುತ್ತದೆ, ಮಗು ಕಿವಿ ಎಳೆದರೂ ಸುಮ್ಮನಿರುತ್ತದೆ. ಅದು ಬೇಡ ಎನ್ನುವುದಿಲ್ಲ. ಅದರ ಪರವಾಗಿ ಬೇಡ ಎನ್ನಬೇಕಾದವರು ಬೆಲ್ಟ್ ಹಿಡಿದವರೇ. ವಸಂತದ ಸುತ್ತಾಟದಲ್ಲಿ ಈ ‘ಬೇಡ’ ಹೊತ್ತಿಗೂ ಅನ್ವಯಿಸುತ್ತದೆ, ಜಾಗಕ್ಕೂ ಅನ್ವಯಿಸುತ್ತದೆ.

ಮೊದಲು ಮರದ ವಿಚಾರ. ಬೆಂಗಳೂರಿನಲ್ಲಿ ವರ್ಷವಿಡೀ ಒಂದಾದ ಮೇಲೊಂದು ಮರ ಹೂಬಿಡುವಂತೆ ಸಾಲುಮರಗಳನ್ನು ಯೋಜಿಸಿದ ಕೀರ್ತಿ ಜರ್ಮನಿಯ ತೋಟಗಾರಿಕಾ ತಜ್ಞ ಜಿ.ಎಚ್. ಕೃಂಬಿಗಲ್ ಅವರದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಅವರು 1956ರಲ್ಲಿ ತೀರಿಕೊಂಡಿದ್ದೂ ಇದೇ ಊರಿನಲ್ಲಿ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಲಕ್ಷಗಟ್ಟಲೆ ಸಸಿ ನೆಡಿಸಿ ಬಡಾವಣೆಗಳಿಗೂ ಹಸಿರು ಹಬ್ಬಿಸಿದರು. ಇವರ ದೆಸೆಯಿಂದ ಇಂದು ವಾರಾಂತ್ಯದ ನಡಿಗೆಗೆ ಹೂವಿನ ದಾರಿಗಳಿಗೇನೂ ಬರವಿಲ್ಲ. ಆದರೆ ಟಬೆಬುಯಾ ಹೂಬಿಡುವುದು ಎಲೆ ಉದುರಿಸಿಕೊಂಡ ಮೇಲೆ. ಕಣ್ಣಿಗೆ ಎಷ್ಟೇ ತಂಪೆನಿಸಿದರೂ ಅದರ ಅಡಿಯಲ್ಲಿ ನೆರಳು ಅಷ್ಟಕ್ಕಷ್ಟೆ. ಹೊಂಗೆ ಹಾಗಲ್ಲ. ಯುಗಾದಿ ಹೊತ್ತಿಗೆ ಹಳೆ ಎಲೆ ಕಳಚಿ, ಮಿರುಗುವ ಎಳೆ ಹಸಿರನ್ನು ಹೊದ್ದು, ಬಿಸಿಲೇರುವ ದಿನಗಳಿಗೆ ಸರಿಯಾಗಿ ದಟ್ಟ ನೆರಳು ಕೊಡುತ್ತದೆ. ಏಪ್ರಿಲ್‌ನಲ್ಲಿ ಅದರ ಪುಟ್ಟ ಹೂಗಳು ಉದುರಿ ಫುಟ್‌ಪಾತಿನ ಮೇಲೆ ಹಾಸಿಕೊಳ್ಳುತ್ತವೆ. ಫೋಟೊಗೆ ಟಬೆಬುಯಾ, ನಾಯಿಗೆ ಹೊಂಗೆ. ನಡಿಗೆಯ ದಾರಿ ಆರಿಸುವಾಗ ಎರಡನೆಯದಕ್ಕೇ ಮತ ಹಾಕಬೇಕು.

ನೆರಳಿಗೆ ಇಷ್ಟೊಂದು ಮಹತ್ವ ಯಾಕೆಂದರೆ ನಾಯಿ ನಮ್ಮಂತೆ ಮೈತುಂಬಾ ಬೆವರುವುದಿಲ್ಲ. ಅದರ ಬೆವರು ಅಂಗಾಲಿನ ಮೆತ್ತೆಗಳಲ್ಲಿ ಮಾತ್ರ, ಅದೂ ಅಲ್ಪಸ್ವಲ್ಪ. ಮೈಯ ಕಾವನ್ನು ಹೊರಹಾಕಲು ಅದಕ್ಕಿರುವ ದೊಡ್ಡ ದಾರಿ ನಾಲಿಗೆ ಚಾಚಿ ಏದುಸಿರು ಬಿಡುವುದು. ಆರೋಗ್ಯವಂತ ನಾಯಿಯ ಮೈ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಇರುತ್ತದೆ. 41 ದಾಟಿತೆಂದರೆ ಪ್ರಾಣಕ್ಕೇ ಕುತ್ತು. ಪಗ್, ಬುಲ್‌ಡಾಗ್, ಶಿಹ್ ತ್ಸು ತರಹದ ಚಪ್ಪಟೆ ಮೂತಿಯವಕ್ಕೆ ಉಸಿರಿನ ದಾರಿಯೇ ಕಿರಿದು, ಹಾಗಾಗಿ ಅವು ಬೇಗ ಸೋಲುತ್ತವೆ. ಎರಡು ಪದರದ ದಪ್ಪ ತುಪ್ಪಟ ಹೊದ್ದ ಲ್ಯಾಬ್ರಡಾರ್‌ನ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ತಣ್ಣನೆಯ ಕಡಲತೀರ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ ಬೆಂಗಳೂರು ಅದಕ್ಕೆ ಹೇಳಿ ಮಾಡಿಸಿದ ಊರೇನಲ್ಲ.

ಡಾಂಬರು ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳು ಎಣಿಸುವವರೆಗೆ ಇಡಲಾಗದಿದ್ದರೆ ನಾಯಿಯ ಕಾಲಿಗೂ ಅದು ಆಗದು. ಬೆಳಿಗ್ಗೆ ಎಂಟರೊಳಗೆ ಮನೆ ಸೇರುವುದು, ಸಂಜೆ ಸೂರ್ಯ ಮುಳುಗಿ ನೆಲ ಆರಿದ ಮೇಲೆ ಹೊರಡುವುದು, ಮಾರ್ಚ್–ಏಪ್ರಿಲ್‌ಗೆ ಇಷ್ಟೇ ವೇಳಾಪಟ್ಟಿ. ನಾಲಿಗೆ ಅಗಲವಾಗಿ ಜೋತುಬಿದ್ದು, ಜೊಲ್ಲು ಅಂಟಂಟಾಗಿ, ವಸಡು ಕಡುಗೆಂಪಾಗಿ, ನಡಿಗೆ ತೂರಾಡಿದರೆ ತಡಮಾಡದೆ ನೆರಳಿಗೆ ಕರೆತಂದು ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು. ಪಶುವೈದ್ಯರ ಬಳಿ ಹೊರಡುವುದು ಆಮೇಲೆ, ಆದರೆ ಹೊರಡಲೇಬೇಕು.

ಇನ್ನು ವೇಗ. ‘ಇವತ್ತು ಐದು ಕಿಲೋಮೀಟರ್ ಆಯ್ತು’ ಎಂದು ಕೈಗಡಿಯಾರ ನೋಡಿ ಹಿಗ್ಗುವುದು ಮನುಷ್ಯನ ಲೆಕ್ಕ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 50–60 ಲಕ್ಷ ಇದ್ದರೆ ನಾಯಿಗೆ 20 ಕೋಟಿಗೂ ಹೆಚ್ಚು. ಒಂದು ದೀಪದ ಕಂಬ ಮೂಸಿದರೆ ಸಾಕು. ಯಾರು ಬಂದಿದ್ದರು, ಗಂಡೋ ಹೆಣ್ಣೋ, ಎಷ್ಟು ಹೊತ್ತಾಯಿತು ಎಂಬ ವರದಿ ಅದಕ್ಕೆ ಸಿಗುತ್ತದೆ. ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಮತ್ತು ಫ್ರಾನ್ಸಿನ ಶಾರ್ಲೊಟ್ ಡ್ಯುರಾಂಟನ್ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎರಡು ವಾರ ಒಂದು ಗುಂಪಿನ ನಾಯಿಗಳಿಗೆ ಮೂಗಿನಿಂದ ತಿನಿಸು ಹುಡುಕುವ ಆಟ, ಇನ್ನೊಂದಕ್ಕೆ ಯಜಮಾನನ ಪಕ್ಕದಲ್ಲೇ ಶಿಸ್ತಾಗಿ ನಡೆಯುವ ಅಭ್ಯಾಸ. ಆಮೇಲೆ ತಿನಿಸು ಇದೆಯೋ ಇಲ್ಲವೋ ಗೊತ್ತಾಗದ ಬಟ್ಟಲೊಂದನ್ನು ಇಟ್ಟಾಗ, ಮೂಗಿಗೆ ಕೆಲಸ ಸಿಕ್ಕ ನಾಯಿಗಳು ಮೊದಲಿಗಿಂತ ಚುರುಕಾಗಿ ಅತ್ತ ನಡೆದವು. ಶಿಸ್ತಿನ ಗುಂಪಿನಲ್ಲಿ ಆ ಬದಲಾವಣೆ ಕಾಣಲಿಲ್ಲ. ಅರ್ಥ ಇಷ್ಟು: ಮೂಸಲು ಬಿಟ್ಟ ನಾಯಿಯ ಮನಸ್ಸು ಹಗುರಾಗಿರುತ್ತದೆ. ಹೊಂಗೆ ಬುಡದಲ್ಲಿ ಅದು ಐದು ನಿಮಿಷ ನಿಂತರೆ ಬೆಲ್ಟ್ ಜಗ್ಗಬೇಡಿ. ಆ ಐದು ನಿಮಿಷಕ್ಕೇ ಅದು ಮನೆಯಿಂದ ಹೊರಟಿರುವುದು.

ಮೂಸಲು ಬಿಡುವುದು ಬೇರೆ, ಬೆಲ್ಟ್ ಬಿಚ್ಚಿ ಬಿಡುವುದು ಬೇರೆ. 2022ರಲ್ಲಿ ತೋಟಗಾರಿಕೆ ಇಲಾಖೆ ಕಬ್ಬನ್ ಪಾರ್ಕಿಗೆ ಸಾಕುನಾಯಿಗಳನ್ನು ತರುವುದನ್ನೇ ನಿಷೇಧಿಸಲು ಮುಂದಾಗಿತ್ತು. ಬೆಲ್ಟ್ ಇಲ್ಲದೆ ಓಡಾಡಿಸುತ್ತಾರೆ, ಮಲ ಎತ್ತುವುದಿಲ್ಲ ಎಂಬ ದೂರುಗಳು ಅದರ ಹಿಂದಿದ್ದವು. ನಾಯಿಪ್ರಿಯರ ವಿರೋಧದ ನಂತರ ಪ್ರಸ್ತಾಪ ನಿಂತಿತು. ದೂರುಗಳು ಸುಳ್ಳಾಗಿರಲಿಲ್ಲ ಎಂಬುದು ನಾಯಿಪ್ರಿಯರಿಗೂ ಗೊತ್ತು. ಲಾಲ್‌ಬಾಗ್‌ಗಂತೂ ನಾಯಿಯನ್ನು ಬಿಡುವುದೇ ಇಲ್ಲ. ಹಾಗಾಗಿ ಉಳಿದಿರುವ ಜಾಗವನ್ನು ಉಳಿಸಿಕೊಳ್ಳುವುದು ಜೇಬಿನಲ್ಲಿರುವ ಒಂದು ಕವರ್ ಮತ್ತು ಕೈಯಲ್ಲಿರುವ ಎರಡು ಮೀಟರ್ ಬೆಲ್ಟ್ ಮೇಲೆ ನಿಂತಿದೆ.

ಸ್ವಭಾವ ಸಾಧುವಾದರೂ ತಳಿಯ ಗುಣ ಹೋಗುವುದಿಲ್ಲ. ಬಾಗಲಕೋಟೆ ಕಡೆಯ ಮುಧೋಳ ನಾಯಿಯನ್ನೇ ನೋಡಿ. 2005ರಲ್ಲಿ ಅಂಚೆ ಇಲಾಖೆಯ ಚೀಟಿಯ ಮೇಲೆ ಬಂದ, ಮುಂದೆ ಸೇನೆಗೂ ಸೇರಿದ ಈ ತಳಿ ಮನೆಯಲ್ಲಿ ಮೌನಿ, ಹೆಚ್ಚು ಬೊಗಳುವುದೂ ಇಲ್ಲ. ಆದರೆ ಅದು ಕಣ್ಣಿನಿಂದ ಬೇಟೆ ಗುರುತಿಸುವ ನಾಯಿ. ಅಳಿಲೊಂದು ಅಡ್ಡ ಓಡಿದರೆ ಯಜಮಾನನ ಕೂಗು ಅದರ ಕಿವಿಗೆ ಬೀಳುವ ಮೊದಲೇ ರಸ್ತೆಯಾಚೆ ಇರುತ್ತದೆ. ಇಂಥ ತೆಳುಗತ್ತಿನ ನಾಯಿಗೆ ಕತ್ತುಪಟ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು.

ಬೆಲ್ಟ್ ಇರಬೇಕಾದ ಇನ್ನೊಂದು ಕಾರಣ ಬೀದಿನಾಯಿಗಳು. 2023ರ ಬಿಬಿಎಂಪಿ ಗಣತಿಯಲ್ಲಿ ಬೆಂಗಳೂರಿನ ಬೀದಿನಾಯಿಗಳ ಸಂಖ್ಯೆ ಸುಮಾರು 2.79 ಲಕ್ಷ. ಪ್ರತಿ ತಿರುವಿಗೂ ಒಂದು ಗುಂಪು, ಗುಂಪಿಗೊಂದು ಗಡಿ. ಅವು ಬೊಗಳಿದರೆ ಓಡಬಾರದು, ಕಲ್ಲು ಎತ್ತಬಾರದು. ನಮ್ಮ ನಾಯಿಯನ್ನು ಗೋಡೆಯ ಬದಿಗೆ ಹಾಕಿಕೊಂಡು, ದಿಟ್ಟಿಸದೆ, ನಿಧಾನಕ್ಕೆ ಗಡಿ ದಾಟಬೇಕು. ರೇಬಿಸ್ ಲಸಿಕೆ ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಹಾಕಿಸಿರಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಪಾರ್ಕ್ ಸಾಕೆನಿಸಿದವರು ವಾರಾಂತ್ಯಕ್ಕೆ ಕೆರೆ ಏರಿ, ಹುಲ್ಲುಗಾವಲು ಹುಡುಕುತ್ತಾರೆ. ವಸಂತದಲ್ಲಿ ಇಲ್ಲಿ ಸೂಕ್ಷ್ಮವೊಂದಿದೆ. ಕೆಂಪು ಟಿಟ್ಟಿಭ ಮಾರ್ಚ್‌ನಿಂದ ಮೊಟ್ಟೆಯಿಡಲು ಶುರುಮಾಡುತ್ತದೆ, ಅದೂ ಬರಿನೆಲದ ಮೇಲೆ. ಮೊಟ್ಟೆಗಳು ಸುತ್ತಲಿನ ಕಲ್ಲುಗಳಿಂದ ಬೇರೆಯಾಗಿ ಕಾಣದ ಹಾಗೆ ಮಚ್ಚೆಮಚ್ಚೆ. ಹಕ್ಕಿ ತಲೆಯ ಮೇಲೆ ಹಾರಿ ಕಿರುಚತೊಡಗಿದರೆ ಅದು ಸ್ವಾಗತವಲ್ಲ, ಹಿಂತಿರುಗಿ ಎಂಬ ಎಚ್ಚರಿಕೆ. ಕಚ್ಚದ ನಾಯಿಯೂ ಗೂಡು ತುಳಿಯಬಲ್ಲದು. ಕೆರೆಯ ನೀರಿಗೆ ಲ್ಯಾಬ್ ಹಾರಲು ಹಾತೊರೆದರೂ ನಗರದ ಕೆರೆಗಳಿಗೆ ಇಳಿಸಬಾರದು. ಕೊಳಚೆಯ ಜೊತೆ ಇಲಿಜ್ವರದ ಸೋಂಕೂ ಅಲ್ಲಿರಬಹುದು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಕಡೆಗಂತೂ ನಾಯಿ ಜೊತೆ ಹೋಗುವ ಯೋಚನೆಯೇ ಬೇಡ. 1994ರಲ್ಲಿ ಟಾಂಜಾನಿಯದ ಸೆರೆಂಗೆಟಿಯಲ್ಲಿ ಮೂರರಲ್ಲಿ ಒಂದು ಪಾಲು ಸಿಂಹಗಳನ್ನು ಬಲಿಪಡೆದದ್ದು ನಾಯಿಗಳ ಡಿಸ್ಟೆಂಪರ್ ವೈರಸ್. 2018ರಲ್ಲಿ ಗುಜರಾತಿನ ಗಿರ್‌ನಲ್ಲೂ ಅದು ಸಿಂಹಗಳ ಸಾವಿಗೆ ಕಾರಣವಾಯಿತು.

ದೂರದ ಪ್ರವಾಸವೆಂದರೆ ಈ ಋತುವಿನಲ್ಲಿ ಕಾಫಿ ನಾಡಿಗೆ ಮೊದಲ ಮಣೆ. ಮಾರ್ಚ್–ಏಪ್ರಿಲ್‌ನ ಹೂಮಳೆ ಬಿದ್ದು ವಾರ, ಒಂಬತ್ತು ದಿನ ಕಳೆಯುವಷ್ಟರಲ್ಲಿ ಕೊಡಗು, ಚಿಕ್ಕಮಗಳೂರಿನ ತೋಟಗಳು ಬೆಳ್ಳಗೆ ಅರಳಿ ಮಲ್ಲಿಗೆಯ ಘಮ ಬೀರುತ್ತವೆ. ನಾಯಿಗೆ ಬಾಗಿಲು ತೆರೆಯುವ ಹೋಂಸ್ಟೇಗಳು ಅಲ್ಲಿವೆ. ಆದರೆ ತೋಟದಂಚಿನಲ್ಲಿ ಚಿರತೆಯ ಸುಳಿದಾಟವಿದ್ದು, ನಾಯಿ ಅದಕ್ಕೆ ಸುಲಭದ ಬೇಟೆ. ಕತ್ತಲಾದ ಮೇಲೆ ನಾಯಿ ಮನೆಯೊಳಗೇ ಇರಬೇಕು, ಜಗಲಿಯಲ್ಲಿ ಕಟ್ಟಿಹಾಕುವುದೂ ಕ್ಷೇಮವಲ್ಲ. ದಾರಿಯಲ್ಲಿ ತಿಂಡಿಗೆ ನಿಲ್ಲಿಸಿದಾಗ ‘ಕಿಟಕಿ ಸ್ವಲ್ಪ ತೆಗೆದಿದೆ’ ಎಂಬ ಸಮಾಧಾನವನ್ನು ನಂಬಬಾರದು. 2005ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವೈದ್ಯರು ಬಿಸಿಲಲ್ಲಿ ನಿಲ್ಲಿಸಿದ ಕಾರನ್ನು ಅಳೆದಾಗ ಒಂದು ಗಂಟೆಯಲ್ಲಿ ಒಳಗಿನ ಶಾಖ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತ್ತು. ಅದರ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ಸಂದು ಬಿಟ್ಟಿದ್ದರಿಂದ ಹೆಚ್ಚು ಉಪಯೋಗವಾಗಲಿಲ್ಲ. ಇಬ್ಬರಿದ್ದರೆ ಸರದಿಯಲ್ಲಿ ಇಡ್ಲಿ ತಿನ್ನುವುದೇ ಜಾಣತನ.

ಮಲೆನಾಡಿಗೆ ಹೋಗುವವರು ಉಣ್ಣೆಯನ್ನು ಮರೆಯುವಂತಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹೆಚ್ಚಾಗಿ ಹಬ್ಬುವುದು ಚಳಿಗಾಲದಿಂದ ಬೇಸಿಗೆಯವರೆಗೆ, ಅಂದರೆ ಸರಿಯಾಗಿ ಈ ಪ್ರವಾಸದ ಕಾಲದಲ್ಲೇ. ಅದನ್ನು ಹರಡುವುದು ಕಾಡಿನ ಉಣ್ಣೆ. ನಾಯಿ ಪೊದೆಗೆ ನುಗ್ಗಿ ಬಂದರೆ ಉಣ್ಣೆಯನ್ನು ಮೈಮೇಲೆ ಹೊತ್ತು ತರಬಹುದು. ಕಾಯಿಲೆಯ ಸುದ್ದಿಯಿರುವ ಊರಿನ ಕಾಡುದಾರಿಗೆ ನಾಯಿಯೊಂದಿಗೆ ಹೋಗದಿರುವುದೇ ಸರಿ. ಊರಿನ ಪಾರ್ಕಿನಲ್ಲಿರುವ ಕಂದು ಉಣ್ಣೆಯ ಕಾಟ ಬೇರೆ. ಅದರಿಂದ ಎರ್ಲಿಕಿಯಾ ಸೋಂಕು ತಗುಲಿ ನಾಯಿಗೆ ಜ್ವರ ಬರುತ್ತದೆ, ಊಟ ಬಿಡುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಒಂದು ಹೆಣ್ಣು ಉಣ್ಣೆ ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡಬಲ್ಲದು. ಪ್ರತಿ ಸುತ್ತಾಟದ ನಂತರ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕಂಕುಳಲ್ಲಿ, ಕತ್ತುಪಟ್ಟಿಯ ಕೆಳಗೆ ಬೆರಳಾಡಿಸಿ ನೋಡಬೇಕು. ಸಿಕ್ಕಿದರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಬೇಕು. ಸೀಮೆಎಣ್ಣೆ ಸುರಿಯುವುದು, ಬರಿಗೈಯಲ್ಲಿ ಹಿಸುಕುವುದು ಎರಡೂ ತಪ್ಪು.

ಬುತ್ತಿಯ ವಿಷಯಕ್ಕೆ ಬಂದರೆ, ಲ್ಯಾಬ್‌ಗಳ ಹೊಟ್ಟೆಬಾಕತನಕ್ಕೆ ವಿಜ್ಞಾನದ ಸಮರ್ಥನೆಯೇ ಇದೆ. ಹಸಿವು ಮತ್ತು ತೂಕವನ್ನು ನಿಯಂತ್ರಿಸುವ ಒಂದು ವಂಶವಾಹಿಯಲ್ಲಿ ತುಣುಕೊಂದು ಕಾಣೆಯಾಗಿರುವುದನ್ನು ಕೇಂಬ್ರಿಜ್ ಸಂಶೋಧಕರು 2016ರಲ್ಲಿ ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಕಂಡರು. ಅದರ ಕಣ್ಣೋಟಕ್ಕೆ ಕರಗಿ ಕೈಯಲ್ಲಿದ್ದುದನ್ನೆಲ್ಲ ಕೊಟ್ಟರೆ ಅಪಾಯ. ಈ ತಿಂಗಳಲ್ಲಿ ಸುಗ್ಗಿಯಾಗಿ ಸಿಗುವ ದ್ರಾಕ್ಷಿ, ಹಬ್ಬದ ಪಾಯಸದ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ. ನುಂಗಿದ ಮಾವಿನ ಓಟೆ ಕರುಳಿಗೆ ಅಡ್ಡ ನಿಲ್ಲುತ್ತದೆ. ರಸ್ತೆ ವಿಭಜಕದಲ್ಲಿ ನಗುವ ಕಣಗಿಲೆಯ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಉಪ್ಪು, ಸಕ್ಕರೆ ಹಾಕದ ಮೊಸರನ್ನ, ಬೀಜ ತೆಗೆದ ಕಲ್ಲಂಗಡಿಯ ನಾಲ್ಕು ಚೂರು, ಧಾರಾಳವಾಗಿ ನೀರು ಇದ್ದರೆ ಅದರ ಪಿಕ್‌ನಿಕ್ ಸಂಪನ್ನ.

ಈ ಭಾನುವಾರ ಹೊರಡುವವರು ಅಲಾರಂ ಒಂದು ಗಂಟೆ ಮುಂಚೆ ಇಡಿ. ನೀರಿನ ಬಾಟಲಿ, ಬಟ್ಟಲು, ಮಲ ಎತ್ತುವ ಕವರ್, ಚಿಮುಟ, ಹತ್ತಿರದ ಪಶುವೈದ್ಯರ ಫೋನ್ ನಂಬರ್ ಜೊತೆಗಿರಲಿ. ದಾರಿಯಲ್ಲಿ ಮಗುವೊಂದು ‘ಮುಟ್ಟಲಾ?’ ಎಂದು ಕೇಳಿದರೆ ಹೂಂ ಅನ್ನುವ ಮೊದಲು ನಾಯಿಯ ಬಾಲ, ಕಿವಿ ನೋಡಿ. ಅದು ಹಿಂದೆ ಸರಿದರೆ, ಎಷ್ಟೇ ಸಾಧುವಾಗಿರಲಿ, ಆ ಹೊತ್ತಿಗೆ ಉತ್ತರ ಬೇಡ ಎಂದೇ.